ವೀಸಾ ಮುಗಿದ್ರೆ ವಾಪಸ್ ಬರ್ಬೇಕಾ ಅಂದ್ಯಲ್ಲ, ಪುರುಸೊತ್ತಲ್ಲಿ ಕೇಳು

ಹಾಂ, ಕೇಳಿಸ್ತಿದೆಯಾ? ಸ್ವಲ್ಪ ಉದ್ದ ಆಗುತ್ತೆ, ಕ್ಲಾಸ್ ಮುಗಿಸ್ಕೊಂಡು ಕೇಳು ಪುಟ್ಟಾ. ಬೆಳಗ್ಗೆಯಿಂದ ಗ್ರೂಪಲ್ಲಿ ಓಡಿರೋ ಮೆಸೇಜೆಲ್ಲಾ ಈಗ ನೋಡಿದೆ. ಪಾಸ್‌ಪೋರ್ಟಲ್ಲಿರೋ ಎಫ್-1, ಅಂದ್ರೆ ಅಮೆರಿಕದ ಸ್ಟೂಡೆಂಟ್ ವೀಸಾ, ಜನವರಿಗೆ ಮುಗಿಯುತ್ತೆ, ಎಂಎಸ್ ಮುಗಿಯೋದು ಮೇನಲ್ಲಿ, ನಡುವೆ ಬಂದು ಸ್ಟ್ಯಾಂಪ್ ಹಾಕಿಸ್ಕೋಬೇಕಾ ಅಂತ ನೀನು ಕೇಳಿದ್ದೀಯ. ಒಂದು ದಿನ ಜಾಸ್ತಿ ಇದ್ರೂ ಹಿಡಿದು ಕಳಿಸ್ತಾರೆ ಅಂತ ದೊಡ್ಡಪ್ಪ ಹೆದರಿಸಿದ್ದಾರೆ. ಅತ್ತೆ ಆಗಲೇ ಟಿಕೆಟ್ ಹುಡುಕ್ತಿದ್ದಾರೆ. ಅತ್ತೆ, ದಯವಿಟ್ಟು ಇನ್ನೂ ಬುಕ್ ಮಾಡ್ಬೇಡಿ.

ವೀಸಾ ಇರೋದು ಅಮೆರಿಕದ ಬಾಗಿಲು ದಾಟೋಕೆ. ಒಳಗೆ ಹೋದ್ಮೇಲೆ ಎಷ್ಟು ದಿನ ಇರ್ಬಹುದು ಅನ್ನೋದು ಆ ಸ್ಟ್ಯಾಂಪಲ್ಲಿ ಇರಲ್ಲ, ಐ-94 ಅನ್ನೋ ಪ್ರವೇಶ ದಾಖಲೆಯಲ್ಲಿ ಇರುತ್ತೆ. ಅಮೆರಿಕದ ಗಡಿ ಇಲಾಖೆ ಸಿಬಿಪಿಯ ವೆಬ್‌ಸೈಟಿಂದ ಇಳಿಸ್ಕೊಂಡು ನೋಡು. ತಾರೀಖಿನ ಜಾಗದಲ್ಲಿ 'ಡಿ/ಎಸ್' ಅಂತಿದ್ರೆ, ಯೂನಿವರ್ಸಿಟಿ ಕೊಟ್ಟಿರೋ ಐ-20 ಪ್ರಮಾಣಪತ್ರ ಚಾಲ್ತಿಯಲ್ಲಿದ್ದು ನೀನು ನಿಯಮದ ಪ್ರಕಾರ ಓದ್ತಿರೋವರೆಗೂ ಇರ್ಬಹುದು ಅಂತ ಅರ್ಥ. ಸ್ಟ್ಯಾಂಪ್ ಜನವರಿಗೆ ಮುಗಿದ್ರೆ ಮುಗೀಲಿ. ಆದ್ರೆ ರೂಮ್‌ಮೇಟ್‌ದು ನೋಡಿ ನಂದೂ ಹಾಗೇ ಅಂದ್ಕೋಬೇಡ. ಡಿ/ಎಸ್ ತೆಗೆದು ಹೆಚ್ಚೆಂದ್ರೆ 4 ವರ್ಷದ ತಾರೀಖು ಹಾಕೋಣ ಅಂತ 2025ರ ಆಗಸ್ಟಲ್ಲಿ ಪ್ರಸ್ತಾಪ ಹೊರಡಿಸಿದ್ರಲ್ಲ, ಹಾಗಾಗಿ ನಿಂದೇ ಕಾಗದ ಕಣ್ಣಾರೆ ನೋಡು.

ಹೊರಗೆ ಹೋಗಿ ವಾಪಸ್ ಬರೋದಿದ್ರೆ ಮಾತ್ರ ಲೆಕ್ಕ ಬೇರೆ. ಫೆಬ್ರವರಿಲಿ ಅಣ್ಣನ ಮದುವೆಗೆ ಬಂದ್ಯೋ, ತಿರುಗಿ ಹೋಗೋಕೆ ಹೊಸ ವೀಸಾ ಬೇಕು, ಐ-20ಯ ಎರಡನೇ ಪುಟದಲ್ಲಿ ಟ್ರಾವೆಲ್ ಸಹಿ ಒಂದು ವರ್ಷದೊಳಗಿಂದು ಇರ್ಬೇಕು. ಇಂಟರ್‌ವ್ಯೂ ಸ್ಲಾಟ್ ಸಿಗದೆ ಕೊನೇ ಸೆಮಿಸ್ಟರ್ ಕೈತಪ್ಪೋದು ಬೇಡ. ಮದುವೆ ವೀಡಿಯೋಲಿ ನೋಡಿದ್ರಾಯ್ತು, ಅಣ್ಣ ಬೈದ್ರೆ ನಾನು ಮಾತಾಡ್ತೀನಿ.

ಇಷ್ಟರ ನಡುವೆ ಮೆಲ್ಲಗೆ ಒಂದು ಮಾತು ತೂರಿಸಿದ್ದೀಯಲ್ಲ? ಫ್ರೆಂಡ್‌ಗೆ ಗೊತ್ತಿರೋರ ರೆಸ್ಟೋರೆಂಟ್, ವೀಕೆಂಡ್ ಕೆಲಸ, ಕ್ಯಾಶ್ ಕೊಡ್ತಾರೆ ಅಂತ. ಅದನ್ನ ಯಾರೂ ಗಮನಿಸಲಿಲ್ಲ, ನಂಗೆ ಮಾತ್ರ ಎದೆ ಧಸಕ್ ಅಂತು. ಕ್ಯಾಂಪಸ್ ಒಳಗೆ ಸೆಮಿಸ್ಟರ್ ನಡೆಯೋವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಸಮಯ, ಅದು ಸರಿ. ಹೊರಗೆ ಅನುಮತಿ ಇಲ್ಲದೆ ಒಂದು ಶಿಫ್ಟ್ ಮಾಡಿದ್ರೂ ಸ್ಟೇಟಸ್, ಅಂದ್ರೆ ವಿದ್ಯಾರ್ಥಿಯಾಗಿ ಅಲ್ಲಿರೋ ಹಕ್ಕು, ಹೋಯ್ತು. ಬೇರೆ ಕೆಲವು ತಪ್ಪಿಗೆ ರೀಇನ್‌ಸ್ಟೇಟ್‌ಮೆಂಟ್ ಅಂತ, ಅಂದ್ರೆ ಸ್ಟೇಟಸ್ ವಾಪಸ್ ಕೊಡಿ ಅಂತ, ಅರ್ಜಿ ಹಾಕೋ ದಾರಿ ಇದೆ. ಅನುಮತಿ ಇಲ್ಲದೆ ಕೆಲಸ ಮಾಡಿದೋರಿಗೆ ಅದೂ ಇಲ್ಲ. ಕೈಯಲ್ಲಿ ಕ್ಯಾಶ್ ಕೊಟ್ರೆ ಗೊತ್ತಾಗಲ್ಲ ಅನ್ನೋ ಫ್ರೆಂಡ್ ನಾಳೆ ನಿನ್ನ ಜೊತೆ ಬಂದು ನಿಲ್ಲಲ್ಲ. ದುಡ್ಡು ಸಾಲದಿದ್ರೆ ನಂಗೆ ಹೇಳು ಮಾರಾಯ, ನಾಚಿಕೆ ಬೇಡ.

ನಾನೇನು ಸಾಚಾ ಅಲ್ಲ. ನಾನು ಅಲ್ಲಿ ಓದೋವಾಗ ಎರಡನೇ ಸೆಮಿಸ್ಟರಲ್ಲಿ ಒಂದು ಸಬ್ಜೆಕ್ಟ್ ತಲೆಗೇ ಹತ್ತಲಿಲ್ಲ, ರಾತ್ರಿ ಕೂತು ಡ್ರಾಪ್ ಒತ್ತಿಬಿಟ್ಟೆ. ಫುಲ್‌ಟೈಮ್‌ಗೆ ಬೇಕಾದ ಕ್ರೆಡಿಟ್‌ಗಿಂತ ಕೆಳಗೆ ಇಳಿದಿದ್ದೀನಿ ಅನ್ನೋದು ತೋಚಲೇ ಇಲ್ಲ. ಬಿಇ ಥರದ ಡಿಗ್ರಿಗೆ 12 ಕ್ರೆಡಿಟ್, ಎಂಎಸ್‌ಗೆ ಯೂನಿವರ್ಸಿಟಿನೇ ನಿಗದಿ ಮಾಡುತ್ತೆ. ನಾಲ್ಕು ದಿನ ಬಿಟ್ಟು ಇಂಟರ್‌ನ್ಯಾಷನಲ್ ಆಫೀಸಿಂದ ಮೇಲ್ ಬಂತು, ಕೈಕಾಲು ತಣ್ಣಗಾಯ್ತು. ಪುಣ್ಯಕ್ಕೆ ಸೆಮಿಸ್ಟರ್ ಅರ್ಧದಲ್ಲಿ ಶುರುವಾಗೋ ಒಂದು ಕೋರ್ಸ್ ಸಿಕ್ಕಿ ಉಳ್ಕೊಂಡೆ. ಅಲ್ಲಿದ್ದ ಡಿಎಸ್‌ಒ, ಅಂದ್ರೆ ಸೆವಿಸ್ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ನಮ್ಮಂಥ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡ್ಕೊಳ್ಳೋರು, ಬೈಯಲೂ ಇಲ್ಲ. ಒತ್ತೋಕೆ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತಲ್ಲ ಅಂದ್ರು ಅಷ್ಟೇ.

ನಿಂಗೂ ಇದು ತಾಗುತ್ತೆ. ಕೊನೇ ಸೆಮಿಸ್ಟರಿಗೆ ಒಂದೇ ಕೋರ್ಸ್ ಉಳಿದಿದೆ ಅಂದಿದ್ದೆ. ಕೊನೇ ಟರ್ಮ್ ಅಂತ ಕಡಿಮೆ ಕ್ರೆಡಿಟ್‌ಗೆ ಅನುಮತಿ ಸಿಗುತ್ತೆ, ಆದ್ರೆ ಡಿಎಸ್‌ಒ ಅದನ್ನ ಮೊದಲೇ ಸೆವಿಸಲ್ಲಿ ಹಾಕಿರ್ಬೇಕು. ಉಳಿದಿರೋ ಆ ಒಂದು ಕೋರ್ಸ್ ಆನ್‌ಲೈನ್ ತಗೋಬೇಡ, ಕ್ಲಾಸಲ್ಲಿ ಕೂತು ಓದೋದೇ ಆಗ್ಬೇಕು. ಮನೆ ಬದಲಾಯಿಸಿದ್ರೆ 10 ದಿನದೊಳಗೆ ಡಿಎಸ್‌ಒಗೆ ವಿಳಾಸ ತಿಳಿಸು. ಸಂಪಾದನೆ ಸೊನ್ನೆ ಇದ್ರೂ ಜೂನ್ 15ರೊಳಗೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 8843 ಕಳಿಸ್ಬೇಕು.

ಓಪಿಟಿಗೆ, ಅಂದ್ರೆ ಓದು ಮುಗಿದ್ಮೇಲೆ ಅಲ್ಲೇ ಕೆಲಸ ಮಾಡೋ ಅನುಮತಿಗೆ, ಕೋರ್ಸ್ ಮುಗಿಯೋ 90 ದಿನ ಮುಂಚೆಯಿಂದ, ಮುಗಿದ 60 ದಿನದವರೆಗೆ ಅರ್ಜಿ ಹಾಕ್ಬಹುದು. ಅಂದ್ರೆ ಫೆಬ್ರವರಿಲೇ ಬಾಗಿಲು ತೆರೆಯುತ್ತೆ, ಪದವಿ ಸಮಾರಂಭದ ಫೋಟೋ ಬರಲಿ ಅಂತ ಕಾಯ್ಬೇಡ. ಡಿಎಸ್‌ಒ ಶಿಫಾರಸು ಹಾಕಿದ 30 ದಿನದೊಳಗೆ ಅರ್ಜಿ ಹೋಗ್ಬೇಕು. ಓಪಿಟಿ ಶುರುವಾದ್ಮೇಲೆ ಕೆಲಸ ಇಲ್ಲದೆ ಒಟ್ಟು 90 ದಿನ ದಾಟೋ ಹಾಗಿಲ್ಲ, ಭಾನುವಾರಾನೂ ಲೆಕ್ಕಕ್ಕೆ ಬರುತ್ತೆ.

ಚಿಕ್ಕಿ, ನೀವು ಜೆ-1, ಅಂದ್ರೆ ಎಕ್ಸ್‌ಚೇಂಜ್ ವಿಸಿಟರ್ ವೀಸಾದಲ್ಲಿ, ರಿಸರ್ಚಿಗೆ ಹೋಗ್ತಿರೋದ್ರಿಂದ ಇದರಲ್ಲಿ ಅರ್ಧ ನಿಮಗಲ್ಲ. ಎರಡು ವರ್ಷ ತಾಯ್ನಾಡಲ್ಲಿ ಇರ್ಬೇಕು ಅನ್ನೋ ಷರತ್ತು ಬಿದ್ದಿದೆಯಾ ಅಂತ ಐ-20 ಥರದ್ದೇ ಆದ ನಿಮ್ಮ ಡಿಎಸ್-2019 ಕಾಗದದಲ್ಲಿ, ವೀಸಾ ಮೇಲೆ ಹುಡುಕಿ. ಬಿದ್ದಿದ್ರೆ, ಅದು ತೀರೋವರೆಗೆ ಇಲ್ಲಾ ವೇವರ್, ಅಂದ್ರೆ ವಿನಾಯ್ತಿ, ಸಿಗೋವರೆಗೆ ಎಚ್-1ಬಿ ಕೆಲಸದ ವೀಸಾ, ಗ್ರೀನ್‌ಕಾರ್ಡ್ ಎರಡೂ ಆಗಲ್ಲ.

ಪುಟ್ಟಾ, ಐ-94 ಇಳಿಸಿದ್ಮೇಲೆ ನಂಗೊಬ್ಬಳಿಗೇ ಕಳಿಸು. ಗ್ರೂಪಲ್ಲಿ ಹಾಕ್ಬೇಡ, ಪಾಸ್‌ಪೋರ್ಟ್ ನಂಬರ್ ಇರುತ್ತೆ ಅದರಲ್ಲಿ. ಆ ರೆಸ್ಟೋರೆಂಟಿನೋರಿಗೆ ಇವತ್ತೇ ಬರಲ್ಲ ಅಂತ ಹೇಳಿಬಿಡು. ಹೇಳಿದ್ಮೇಲೆ ಒಂದು ಮೆಸೇಜ್ ಹಾಕು.