ಶಕ್ತಿನಗರ ಇಷ್ಟು ಹತ್ತಿರ ಇದ್ದೂ ನಮ್ಮ ಬೋರ್‌ಗೆ ರಾತ್ರಿ ಕರೆಂಟೇ ಏಕೆ?

ಸಿಂಧನೂರು ರೈತ: ಬೇಸಿಗೆ ನೆಲ್ಲು ಹಚ್ಚಿದ್ದೇನೆ. ಕಾಲುವೆಯ ಕೆಳಭಾಗದವರು ನಾವು, ಕೊನೆಯ ನೀರಿಗೆ ಬೋರ್ ಒಂದೇ ಗತಿ. ಈ ವಾರ ತ್ರೀ ಫೇಸ್ ಬರುತ್ತಿರುವುದು ರಾತ್ರಿ 1 ಗಂಟೆಗೆ. ನಿನ್ನೆ ಬ್ಯಾಟರಿ ಹಿಡಿದು ಬದುವಿನ ಮೇಲೆ ಹೋದರೆ ಸ್ಟಾರ್ಟರ್ ಡಬ್ಬಿಯ ಕೆಳಗೆ ಹಾವು ಸುತ್ತಿಕೊಂಡು ಮಲಗಿತ್ತು. ಕೋಲಿನಿಂದ ಸರಿಸಿ ಬಟನ್ ಒತ್ತುವಾಗ ಕೈ ನಡುಗುತ್ತಿತ್ತು. ಕಲ್ಲಿದ್ದಲು ಸ್ಥಾವರಗಳನ್ನೇ ನೋಡಿ: ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600, ಕುಡಿತಿನಿಯಲ್ಲಿ 1,700. ಮೂರೂ ನಮ್ಮ ಕಡೆಯವೇ. ಹಗಲು ಇವುಗಳ ಲೋಡ್ ಇಳಿಸಿ, ಅಂದರೆ ಕರೆಂಟ್ ಕಮ್ಮಿ ಮಾಡಿಸಿ, ಸಂಜೆ ಹೊರಗಿನಿಂದ ದುಬಾರಿ ಕರೆಂಟ್ ಕೊಳ್ಳುತ್ತಾರಂತೆ. ಇದು ಯಾವ ಲೆಕ್ಕ? ತಿಳಿದವರು ಹೇಳಿ.

ಬಳ್ಳಾರಿ ಹುಡುಗ: ಚಿಮಣಿ, ಬೂದಿ, ಕಲ್ಲಿದ್ದಲು ರೈಲು ಎಲ್ಲ ನಮ್ಮ ಕಡೆ. ಮೊದಲು ಇಲ್ಲಿಗೆ 24 ಗಂಟೆ ಕೊಡಲಿ. ಮಿಕ್ಕಿದ್ದನ್ನು ಬೆಂಗಳೂರಿಗೆ ಕಳಿಸಲಿ.

ಶಕ್ತಿನಗರ ನಿವೃತ್ತ: ತಮ್ಮಾ, ನಮ್ಮ ಕರೆಂಟು ನಿಮ್ಮ ಕರೆಂಟು ಅಂತ ಬೇರೆ ಇಡೋಕೆ ಆಗಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಸೇರಿದ ಮೇಲೆ ಇಡೀ ದೇಶದ ಗ್ರಿಡ್, ಅಂದರೆ ಕರೆಂಟಿನ ಜಾಲ, ಒಂದೇ. ಅದಕ್ಕೂ ಮೊದಲು ದಕ್ಷಿಣದ್ದು ಬೇರೆ ಗ್ರಿಡ್. ಉತ್ತರದಲ್ಲಿ ಅಗ್ಗ ಇದ್ದರೂ ತರುವ ದಾರಿ ಕಿರಿದು. ಕರೆಂಟ್ ಕೊಳ್ಳುವ ಮಾರುವ ಮಾರುಕಟ್ಟೆಯಾದ ಎಕ್ಸ್‌ಚೇಂಜ್‌ನಲ್ಲಿ ದಕ್ಷಿಣದವರು ಜಾಸ್ತಿ ದರ ಕೊಡುತ್ತಿದ್ದರು. ಆ ಗಂಟು ಸಡಿಲವಾಗತೊಡಗಿದ್ದು ನಮ್ಮ ರಾಯಚೂರಿನ ಲೈನಿನಿಂದ.

ಇನ್ನು ಲೋಡ್ ಇಳಿಸುವ ಮಾತು. ಈ ಗಳಿಗೆಗೆ ಇನ್ನೊಂದು ಯೂನಿಟ್ ಕರೆಂಟ್ ಮಾಡಲು ಯಾರಿಗೆ ಕಡಿಮೆ ಖರ್ಚು ಅಂತ ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರ ನೋಡುತ್ತದೆ. ಬಿಸಿಲಿಗೆ ದುಡ್ಡಿಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಓಡುವ ಹೊತ್ತಿಗೆ ನಾವು ಯೂನಿಟ್‌ಗೆ ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಸುಡಬೇಕು. ಅದೂ ಸಿಂಗರೇಣಿಯಂಥ ದೂರದ ಗಣಿಯಿಂದ ಬರಬೇಕು. ಹಾಗಂತ ಪೂರ್ತಿ ನಿಲ್ಲಿಸುವಂತಿಲ್ಲ. ಬಾಯ್ಲರ್ ತಣ್ಣಗಾದರೆ ಮತ್ತೆ ಎಬ್ಬಿಸಲು ಗಂಟೆಗಟ್ಟಲೆ ಬೇಕು, ಮೇಲೆ ಎಣ್ಣೆ ಸುಡಬೇಕು. ಅದಕ್ಕೇ ಶೇ 55ರವರೆಗೆ ಇಳಿಸಿ ಹಿಡಿದಿಡುತ್ತಾರೆ. ಹೊತ್ತು ಮುಳುಗುತ್ತಿದ್ದಂತೆ ಏರಿಸುತ್ತಾರೆ.

ಕಾರಟಗಿ ರೈಸ್‌ಮಿಲ್: ಸರ್, ಸೀಸನ್ ಇಲ್ಲದಾಗ ನನ್ನ ಮಿಲ್ಲಿನ ಬಾಗಿಲು ಹಾಕಿರುತ್ತದೆ. ಆದರೂ ಎಚ್‌ಟಿ ಬಿಲ್‌ನಲ್ಲಿ ಡಿಮ್ಯಾಂಡ್ ಚಾರ್ಜ್ ತಪ್ಪುವುದಿಲ್ಲ. ಸ್ಥಾವರಗಳಿಗೂ ಹಾಗೇ ಅಲ್ವಾ? ಓಡಿದರೂ ಓಡದಿದ್ದರೂ ಫಿಕ್ಸೆಡ್ ಚಾರ್ಜ್, ಓಡಿದರೆ ಕಲ್ಲಿದ್ದಲಿನ ಖರ್ಚು ಬೇರೆ. ಎರಡೂ ಕೊನೆಗೆ ನಮ್ಮ ಬಿಲ್ಲಿಗೇ. ಇಷ್ಟು ಕೊಟ್ಟ ಮೇಲೂ ಸಂಜೆ ಯೂನಿಟ್‌ಗೆ 10 ರೂಪಾಯಿ ಕೊಟ್ಟು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಎಕನಾಮಿಕ್ಸ್ ಮೇಡಂ: 10 ರೂಪಾಯಿ ಅನ್ನುವುದು ಎಕ್ಸ್‌ಚೇಂಜ್ ದರದ ಮೇಲಿನ ಮಿತಿ, ಅಣ್ಣಾ. ದಿನಾ ಅಷ್ಟಕ್ಕೇ ಹೋಗುವುದಿಲ್ಲ. ಕಟಾವು ಮಷಿನ್ ನೆನಪಿಸಿಕೊಳ್ಳಿ. ಮೋಡ ಕವಿದ ದಿನ ಕಾರಟಗಿಯಿಂದ ಸಿಂಧನೂರಿನವರೆಗೆ ಎಲ್ಲರಿಗೂ ಅದೇ ದಿನ ಮಷಿನ್ ಬೇಕು. ಗಂಟೆಯ ಬಾಡಿಗೆ ಏರುತ್ತದೆ. ಮೂರು ದಿನ ಬಿಟ್ಟು ಅದೇ ಮಷಿನ್ ಕಮ್ಮಿಗೆ ಬರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ದಿನವನ್ನು 15 ನಿಮಿಷದ 96 ಭಾಗ ಮಾಡಿ, ಒಂದೊಂದಕ್ಕೂ ಬೇರೆ ದರ ಕಟ್ಟುತ್ತಾರೆ. ಬಿಸಿಲಿನ ಹೊತ್ತು ದರ ಇಳಿಯುತ್ತದೆ, ಸಂಜೆ ಏಳರ ಮೇಲೆ ಏರುತ್ತದೆ. ಸಂಜೆಯ ಆ ಕೆಲವು ಗಂಟೆಗಾಗಿ ಹೊಸ ಸ್ಥಾವರ ಕಟ್ಟಿದರೆ ನೀವು ಬೈಯುವ ಫಿಕ್ಸೆಡ್ ಚಾರ್ಜ್ ವರ್ಷಪೂರ್ತಿ ಬೀಳುತ್ತದೆ.

ಬಳ್ಳಾರಿ ಹುಡುಗ: ಅಕ್ಕಾ, ಆ ಎಕ್ಸ್‌ಚೇಂಜ್‌ನಲ್ಲಿ ಒಬ್ಬ 2 ರೂಪಾಯಿಗೆ ಕೊಡುತ್ತೇನೆ ಅನ್ನುತ್ತಾನೆ, ಕೊನೆಯವನು 9 ಅನ್ನುತ್ತಾನೆ. ಇಬ್ಬರಿಗೂ 9 ಕೊಡುತ್ತಾರಲ್ಲ! ಎಪಿಎಂಸಿಯಲ್ಲಿ ಒಂದೊಂದು ಲಾಟ್‌ಗೆ ಒಂದೊಂದು ದರ.

ಎಕನಾಮಿಕ್ಸ್ ಮೇಡಂ: ಕೇಳಿದಷ್ಟೇ ಕೊಡುತ್ತೇವೆ ಅಂದರೆ ನಾಳೆಯಿಂದ 2 ಅಂತ ಯಾರು ಬರೆಯುತ್ತಾರೆ? ಕೊನೆಯ ದರ ಎಷ್ಟಾಗಬಹುದು ಅಂತ ಊಹಿಸಿ ಎಲ್ಲರೂ 8.90 ಬರೆಯುತ್ತಾರೆ. ಆಗ ನಿಜವಾಗಿ ಯಾರದ್ದು ಅಗ್ಗ ಅಂತ ಗೊತ್ತೇ ಆಗುವುದಿಲ್ಲ.

ಬಳ್ಳಾರಿ ಹುಡುಗ: ಅದು ಒಪ್ಪಿದೆ. ಆದರೆ ಚಿಮಣಿ ಪಕ್ಕದ ಊರಿನವರ ಕೆಮ್ಮು ಯಾವ ಬಿಡ್‌ನಲ್ಲೂ ಇಲ್ಲ. ಅದನ್ನೂ ಸೇರಿಸಿದರೆ ಕಲ್ಲಿದ್ದಲಿನ ಕರೆಂಟ್ ಇಷ್ಟು ಅಗ್ಗ ಕಾಣುವುದಿಲ್ಲ.

ಎಕನಾಮಿಕ್ಸ್ ಮೇಡಂ: ಅದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಸಿಂಧನೂರು ರೈತ: ಎಲ್ಲ ಓದಿದೆ. ಹಗಲು ಅಗ್ಗ, ಸೋಲಾರ್ ಜಾಸ್ತಿ ಅನ್ನುತ್ತೀರಿ. ಹಾಗಾದರೆ ನನ್ನನ್ನು ರಾತ್ರಿ ಏಕೆ ಎಬ್ಬಿಸುತ್ತೀರಿ?

ಶಕ್ತಿನಗರ ನಿವೃತ್ತ: ಯಜಮಾನ್ರೇ, ಇದು ಹಳೆಯ ಕಾಲದ ರೂಢಿ. ಆಗ ರಾತ್ರಿ ಬೇಡಿಕೆ ಬೀಳುತ್ತಿತ್ತು. ಬಾಯ್ಲರ್ ಆರಿಸುವಂತಿಲ್ಲ, ಮಿಕ್ಕ ಕರೆಂಟಿಗೆ ಪಂಪ್‌ಸೆಟ್ ಹಚ್ಚುತ್ತಿದ್ದೆವು. ಈಗ ಮಿಗುವುದು ಮಧ್ಯಾಹ್ನ. ಪಂಪ್‌ಸೆಟ್ಟನ್ನು ಹಗಲಿಗೆ ತಂದರೆ ನಿಮಗೂ ಒಳ್ಳೆಯದು, ಖರ್ಚೂ ಕಮ್ಮಿ. ಅಡ್ಡಿ ಇರುವುದು ತಂತಿಯಲ್ಲಿ. ಎಲ್ಲ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೋಗುವ ಲೈನ್, ಒಟ್ಟಿಗೆ ಹಗಲಿಗೆ ಬಂದರೆ ಸಬ್‌ಸ್ಟೇಷನ್ ತಡೆಯುವುದಿಲ್ಲ. ಅದಕ್ಕೇ ಪಾಳಿ.

ಕಾರಟಗಿ ರೈಸ್‌ಮಿಲ್: ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಆ ಫೀಡರ್‌ಗೇ ಕೊಡಬಹುದು. ದೂರದಿಂದ ತರುವ ಲಾಸ್ ಉಳಿಯುತ್ತದೆ. ಒಂದು ಮಾತು, ಬೇಜಾರಾಗಬೇಡಿ. 10 ಎಚ್‌ಪಿವರೆಗೆ ಉಚಿತ ಇರುವ ತನಕ ನಿಮ್ಮ ಕಡೆ ಯಾವ ಹೊತ್ತಿಗೆ ಎಷ್ಟು ಎಳೆಯುತ್ತದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಆಟೋ ಸ್ಟಾರ್ಟರ್ ಹಾಕಿ ಸುಮ್ನೆ ಮಲಗುತ್ತಾರೆ.

ಸಿಂಧನೂರು ರೈತ: ಬೇಜಾರಿಲ್ಲ, ನಾನೂ ಹಾಕಿದ್ದೆ. ನಮ್ಮ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎ ಹೊರುವಂಥದ್ದು, ಅದರ ಮೇಲೆ 12 ಮೋಟರ್, ಎಲ್ಲ ಏಳೂವರೆ ಎಚ್‌ಪಿ. ಕರೆಂಟ್ ಬಂದ ತಕ್ಷಣ ಹನ್ನೆರಡೂ ಒಟ್ಟಿಗೆ ಎದ್ದವು. ಟಿಸಿ ಸುಟ್ಟಿತು. ಬೇರೆ ಟಿಸಿ ಬರುವ ಹೊತ್ತಿಗೆ ಒಂಬತ್ತು ದಿನ, ಅರ್ಧ ಎಕರೆ ನೆಲ್ಲು ಒಣಗಿತ್ತು.

ಶಕ್ತಿನಗರ ನಿವೃತ್ತ: 90 ಎಚ್‌ಪಿ ಅಂದರೆ 67 ಕಿಲೋವ್ಯಾಟ್. ಸುಮ್ನೆ ಓಡುವಾಗಲೇ 63 ಕೆವಿಎ ದಾಟುತ್ತದೆ. ಎದ್ದೇಳುವಾಗ ಎಳೆಯುವುದು ಅದರ ಎಷ್ಟೋ ಪಟ್ಟು. ಒಮ್ಮೆಗೆ ಆರು ಮೋಟರ್ ಮೇಲೆ ಹೋಗಬೇಡಿ, ಅವನ್ನೂ ಒಂದಾದ ಮೇಲೆ ಒಂದು ಹಚ್ಚಿ.

ಸಿಂಧನೂರು ರೈತ: ಹಾಗಾದರೆ ಬೆಳಿಗ್ಗೆ 9ರಿಂದ 1ರವರೆಗೆ ಆರು ಮೋಟರ್, 1ರಿಂದ 5ರವರೆಗೆ ಆರು. ಮಿಕ್ಕ ಹನ್ನೊಂದು ಜನರನ್ನು ನಾಳೆ ಕಟ್ಟೆ ಹತ್ತಿರ ಸೇರಿಸುತ್ತೇನೆ. ಪಾಳಿ ನಾವೇ ಮಾಡಿಕೊಳ್ಳುತ್ತೇವೆ, ನಮ್ಮ ಫೀಡರ್ ಹಗಲಿಗೆ ಹಾಕಿ ಅಂತ ಅರ್ಜಿ ಬರೆಯಬೇಕು. ಸರ್, ಆ 67 ಕಿಲೋವ್ಯಾಟ್ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಫೋಟೋ ಹಾಕುತ್ತೀರಾ? ಅರ್ಜಿ ಜೊತೆ ಲಗತ್ತಿಸುತ್ತೇನೆ.