ಸಣ್ಣ ಕ್ಯಾಬಿನೆಟ್‌ಗೆ ಸದ್ದು ಮಾಡದ ಎಸ್‌ಎಂಪಿಎಸ್ ಯಾವುದು?

ಪ್ರಶ್ನೆ (ಜಯನಗರದಿಂದ): ನಮಸ್ಕಾರ ಸರ್. ನಾನು ಮನೆಯಲ್ಲೇ ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡ್ತೀನಿ, ಜೊತೆಗೆ ವಿಡಿಯೊ ಎಡಿಟಿಂಗೂ ಇದೆ. ರೂಮು ಚಿಕ್ಕದು, ಮೈಕು, ಕಂಪ್ಯೂಟರ್ ಎರಡೂ ಒಂದೇ ಮೇಜಿನ ಮೇಲೆ. ಹಳೇದನ್ನ ತೆಗೆದು ಚಿಕ್ಕದೊಂದು ಕಟ್ಟಿಸೋಣ ಅಂತಿದ್ದೀನಿ: ಮಿನಿ ಐಟಿಎಕ್ಸ್ ಅನ್ನೋ ಪುಟ್ಟ ಮದರ್‌ಬೋರ್ಡು, ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಆಗಲೇ ತಗೊಂಡಾಯ್ತು. ಅದರಲ್ಲಿ ಎಸ್‌ಎಫ್‌ಎಕ್ಸ್ ಅಥವಾ ಎಸ್‌ಎಫ್‌ಎಕ್ಸ್-ಎಲ್ ಅನ್ನೋ ಚಿಕ್ಕ ಅಳತೆಯ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನ ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿಕೊಡೋ ಪೆಟ್ಟಿಗೆ) ಕೂರುತ್ತೆ ಅಂತ ಬರೆದಿದ್ದಾರೆ. ಎಸ್.ಪಿ. ರೋಡಿನಲ್ಲಿ ಒಬ್ಬರು "850 ವ್ಯಾಟ್ ಪ್ಲಾಟಿನಂ ಹಾಕಿಸ್ಕೊಳ್ಳಿ ಮೇಡಂ, ಸದ್ದೇ ಬರಲ್ಲ" ಅಂದ್ರು. ಪಕ್ಕದ ಅಂಗಡಿಯವರು "450 ಸಾಕು, ಸುಮ್ನೆ ಯಾಕೆ ದುಡ್ಡು" ಅಂದ್ರು. ಯಾರ ಮಾತು ಕೇಳ್ಲಿ?

ಉತ್ತರ: ನಮಸ್ಕಾರ ಮೇಡಂ. ಇಬ್ಬರೂ ವ್ಯಾಟ್ ಹಿಡ್ಕೊಂಡು ಮಾತಾಡಿದ್ದಾರೆ. ಸದ್ದು ಮಾಡೋದು ವ್ಯಾಟ್ ಅಲ್ಲ, ಒಳಗಿರೋ ಫ್ಯಾನು. ಆ ಫ್ಯಾನು ಯಾವಾಗ ತಿರುಗೋಕೆ ಶುರು ಮಾಡುತ್ತೆ, ಎಷ್ಟು ದೊಡ್ಡದು, ಎಂಥಾ ಗಾಳಿ ಎಳ್ಕೊಳ್ಳುತ್ತೆ, ಇಷ್ಟು ಗೊತ್ತಾದ್ರೆ ಆಯ್ಕೆ ಸುಲಭ.

ಮೊದಲು ನಿಮ್ಮ ಕಂಪ್ಯೂಟರ್ ಎಷ್ಟು ಕರೆಂಟ್ ತಿನ್ನುತ್ತೆ ನೋಡೋಣ. ಆ ಪ್ರೊಸೆಸರ್ ಗರಿಷ್ಠ 88 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 115. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಧಾರಾಳವಾಗಿ 50 ಹಿಡಿಯಿರಿ. ಒಟ್ಟು 250ರ ಆಸುಪಾಸು, ಅದೂ ಎರಡೂ ಒಟ್ಟಿಗೆ ಜೋರಾಗಿ ದುಡಿಯುವಾಗ. ಕಥೆ ರೆಕಾರ್ಡ್ ಮಾಡುವಾಗ ಕಂಪ್ಯೂಟರ್‌ಗೆ ಕೆಲಸವೇ ಇರಲ್ಲ, 60–70 ವ್ಯಾಟ್ ಎಳೆದ್ರೆ ಹೆಚ್ಚು. ನಿಮಗೆ ನಿಶ್ಶಬ್ದ ಬೇಕಾಗಿರೋದು ಈ ಹೊತ್ತಿನಲ್ಲೇ. ವಿಡಿಯೊ ರೆಂಡರ್ ಆಗುವಾಗ ಮೈಕು ಆಫ್ ಇರುತ್ತೆ, ಆಗ ಸ್ವಲ್ಪ ಗಾಳಿ ಸದ್ದು ಬಂದ್ರೂ ನಷ್ಟವಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು "ಝೀರೋ ಆರ್‌ಪಿಎಂ" ಸೌಲಭ್ಯ. ಲೋಡ್ ಕಡಿಮೆ ಇರುವಾಗ ಫ್ಯಾನು ಪೂರ್ತಿ ನಿಂತಿರುತ್ತೆ. ಸಾಮಾನ್ಯವಾಗಿ 30–40 ಪರ್ಸೆಂಟ್ ಲೋಡ್ ತನಕ, ಕೆಲವದರಲ್ಲಿ ಒಳಗಿನ ಬಿಸಿ ನೋಡ್ಕೊಂಡು. ಇದೊಂದು ಇದ್ರೆ 450 ಆದ್ರೂ 850 ಆದ್ರೂ ನಿಮ್ಮ ರೆಕಾರ್ಡಿಂಗ್ ಹೊತ್ತಲ್ಲಿ ಸದ್ದು ಒಂದೇ: ಸೊನ್ನೆ. ವ್ಯತ್ಯಾಸ ತಿಳಿಯೋದು ರೆಂಡರಿಂಗ್‌ನಲ್ಲಿ. 250 ವ್ಯಾಟ್ ಅಂದ್ರೆ 450ಕ್ಕೆ ಅರ್ಧಕ್ಕಿಂತ ಜಾಸ್ತಿ ಲೋಡು, 750ಕ್ಕೆ ಮೂರನೇ ಒಂದು ಭಾಗ. ದೊಡ್ಡದರ ಫ್ಯಾನು ಆಗಲೂ ನಿಧಾನವಾಗಿರುತ್ತೆ. 850 ಹೇಳಿದವರ ಮಾತಲ್ಲಿ ಅಷ್ಟು ಸತ್ಯ ಇದೆ. ಆದ್ರೆ ಈ ಕಾರ್ಡಿಗೆ ಎನ್ವಿಡಿಯಾದವರೇ ಹೇಳೋದು 550 ವ್ಯಾಟ್. ನಾನಾದ್ರೆ 600ರಿಂದ 750ರ ಒಳಗೆ ನಿಲ್ಲಿಸ್ತೀನಿ. ಮುಂದೆ ಕಾರ್ಡ್ ಬದಲಾಯಿಸಿದ್ರೂ ಎಸ್‌ಎಂಪಿಎಸ್ ಉಳ್ಕೊಳ್ಳುತ್ತೆ.

ಇನ್ನು ಗೋಲ್ಡು, ಪ್ಲಾಟಿನಂ. 80 ಪ್ಲಸ್ ಅನ್ನೋ ಮುದ್ರೆ ಎಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತೆ ಅಂತ ಹೇಳುತ್ತೆ, ಸದ್ದಿನ ಬಗ್ಗೆ ಏನೂ ಹೇಳಲ್ಲ. ನಮ್ಮ 230 ವೋಲ್ಟ್ ಲೆಕ್ಕದಲ್ಲಿ ಅರ್ಧ ಲೋಡಿಗೆ, ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರೋದು ಬ್ರಾಂಜ್ ಆದ್ರೆ 88 ಪರ್ಸೆಂಟ್, ಗೋಲ್ಡ್ 92, ಪ್ಲಾಟಿನಂ 94. ನಿಮ್ಮ 250 ವ್ಯಾಟ್‌ಗೆ ಬ್ರಾಂಜ್ ಆದ್ರೆ ಸುಮಾರು 34 ವ್ಯಾಟ್ ಬಿಸಿ ಪೆಟ್ಟಿಗೆಯೊಳಗೇ ಉಳಿಯುತ್ತೆ, ಗೋಲ್ಡ್ ಆದ್ರೆ 22. ಸಣ್ಣ ಕ್ಯಾಬಿನೆಟ್‌ನಲ್ಲಿ ಆ 12 ವ್ಯಾಟ್ ಫ್ಯಾನನ್ನ ಎಬ್ಬಿಸುತ್ತೆ, ಅದಕ್ಕೇ ಗೋಲ್ಡ್‌ಗಿಂತ ಕೆಳಗೆ ಹೋಗಬೇಡಿ ಅನ್ನೋದು. ಗೋಲ್ಡಿಂದ ಪ್ಲಾಟಿನಂಗೆ ಹೋದ್ರೆ ಸಿಗೋ ಲಾಭ ಕಿವಿಗೆ ಗೊತ್ತಾಗಲ್ಲ. ಇನ್ನೊಂದು ವಿಷಯ, 80 ಪ್ಲಸ್ ಪರೀಕ್ಷೆ ಮಾಡೋದು ಸುಮಾರು 23 ಡಿಗ್ರಿಯಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಿಮ್ಮ ಕ್ಯಾಬಿನೆಟ್ ಒಳಗೆ ಆ ಹವೆ ಎಲ್ಲಿಂದ ಬರಬೇಕು?

ಸದ್ದನ್ನೇ ಅಳೆದು ದರ್ಜೆ ಕೊಡೋದು ಸೈಬನೆಟಿಕ್ಸ್ ಅನ್ನೋ ಪರೀಕ್ಷಾ ಸಂಸ್ಥೆಯವರು. ಅವರ ಲ್ಯಾಂಬ್ಡಾ ಪಟ್ಟಿಯಲ್ಲಿ ಎ ಪ್ಲಸ್ ಪ್ಲಸ್ ಅಂದ್ರೆ ಸರಾಸರಿ 15 ಡೆಸಿಬಲ್‌ಗಿಂತ ಕಡಿಮೆ, ಎ ಪ್ಲಸ್ 15–20, ಬರೀ ಎ ಆದ್ರೆ 20–25. ಮೈಕ್ ಇಟ್ಟು ಕೆಲಸ ಮಾಡೋರು ಎ ಇಂದ ಕೆಳಗೆ ಇಳಿಯಬಾರದು ಅಂತ ನನ್ನ ಅಭಿಪ್ರಾಯ. ಅಂಗಡಿಗೆ ಹೋಗೋ ಮುಂಚೆ ಮಾಡೆಲ್ ಹೆಸರು ಹಾಕಿ ಅದೊಂದು ನೋಡ್ಕೊಳ್ಳಿ.

ಗಾಳಿ ದಾರಿ ಇದಕ್ಕಿಂತ ದೊಡ್ಡ ವಿಷಯ. ಎಸ್‌ಎಂಪಿಎಸ್ ಫ್ಯಾನು ಕ್ಯಾಬಿನೆಟ್ ಪಕ್ಕದ ಜಾಲರಿ ಕಡೆ ಮುಖ ಮಾಡಿದ್ರೆ ಹೊರಗಿನ ತಣ್ಣನೆ ಗಾಳಿ ಎಳೆಯುತ್ತೆ. ಒಳಮುಖ ಆಗಿದ್ರೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ನುಂಗಬೇಕಾಗುತ್ತೆ, ಎಷ್ಟು ಒಳ್ಳೇದು ತಂದ್ರೂ ಬುಸುಗುಡುತ್ತೆ. ಫ್ಯಾನು ನಿಂತಿರುವಾಗ ಬಿಸಿ ತಾನಾಗೇ ಮೇಲೇರಿ ಹೋಗಬೇಕಲ್ಲ, ಹಾಗಾಗಿ ಫ್ಯಾನು ಕೆಳಮುಖ ಇಟ್ಟ ಜೋಡಣೆ ಝೀರೋ ಆರ್‌ಪಿಎಂಗೆ ಒಳ್ಳೇದಲ್ಲ. ಬಿಸಿ ಒಳಗೇ ನಿಂತು ಫ್ಯಾನು ಬೇಗ ಶುರುವಾಗುತ್ತೆ.

ಅದೇ ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್, ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಎಸ್‌ಎಫ್‌ಎಕ್ಸ್, ಎಸ್‌ಎಫ್‌ಎಕ್ಸ್-ಎಲ್ ಎರಡರಲ್ಲಿ ಯಾವುದು? ಮತ್ತೆ, ಫ್ಯಾನು ಇಲ್ಲದಿದ್ರೂ "ಕೀ" ಅಂತ ಸಣ್ಣ ಸದ್ದು ಬರುತ್ತೆ ಅಂತಾರಲ್ಲ, ಅದು ಮೈಕಿಗೆ ಸಿಗುತ್ತಾ?

ಉತ್ತರ: ಎಸ್‌ಎಫ್‌ಎಕ್ಸ್ 125 ಮಿಲಿಮೀಟರ್ ಅಗಲ, 63.5 ಎತ್ತರ, 100 ಉದ್ದ, ಒಳ್ಳೆಯವದರಲ್ಲಿ 92 ಮಿಲಿಮೀಟರ್ ಫ್ಯಾನು. ಎಸ್‌ಎಫ್‌ಎಕ್ಸ್-ಎಲ್ ಉದ್ದ 130, ಅದರಲ್ಲಿ 120ರ ಫ್ಯಾನು ಹಿಡಿಸುತ್ತೆ. ದೊಡ್ಡ ಫ್ಯಾನು ನಿಧಾನ ತಿರುಗಿದ್ರೂ ಅಷ್ಟೇ ಗಾಳಿ ಕೊಡುತ್ತೆ, ಸದ್ದಿನ ಸ್ವರವೂ ದಪ್ಪಗಿದ್ದು ಕಿವಿಗೆ ಚುಚ್ಚಲ್ಲ. ಆದ್ರೆ ಆ ಹೆಚ್ಚುವರಿ 30 ಮಿಲಿಮೀಟರ್ ಕೇಬಲ್ ಬಾಗೋ ಜಾಗವನ್ನೇ ತಿನ್ನುತ್ತೆ. ಎಸ್‌ಎಂಪಿಎಸ್ ಕೂರೋ ಜಾಗದಿಂದ ಎದುರಿಗೆ ಇರೋ ತಡೆ ತನಕ ಸ್ಕೇಲ್ ಇಟ್ಟು ಅಳೆದು ಹೇಳಿ. ಅಪ್ಪಿತಪ್ಪಿಯೂ ಫ್ಲೆಕ್ಸ್ ಎಟಿಎಕ್ಸ್ ಅನ್ನೋ ಸಪೂರ ಅಳತೆಯದು ತಗೋಬೇಡಿ, ಅದರ 40 ಮಿಲಿಮೀಟರ್ ಫ್ಯಾನು ಲೋಡ್ ಬಿದ್ದ ಕೂಡಲೇ ಶಿಳ್ಳೆ ಹಾಕುತ್ತೆ.

"ಕೀ" ಸದ್ದು ಒಳಗಿನ ಕಾಯಿಲ್ (ತಂತಿಯ ಸುರುಳಿ) ನಡುಗೋದರಿಂದ ಬರುತ್ತೆ. ಮೈಕಿಗೆ ಸಿಗಬಹುದು, ಆದ್ರೆ ಬಹಳ ಸಲ ಅದು ಎಸ್‌ಎಂಪಿಎಸ್‌ದಲ್ಲ, ಗ್ರಾಫಿಕ್ಸ್ ಕಾರ್ಡಿಂದು. ಪತ್ತೆ ಮಾಡೋಕೆ ರಾತ್ರಿ ಹೊತ್ತು ರೂಮಿನ ಫ್ಯಾನು ಆಫ್ ಮಾಡಿ, ದಿನಪತ್ರಿಕೆಯ ಹಾಳೆ ಸುರುಳಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಜಾಲರಿಯ ಹತ್ತಿರ ಹಿಡಿದು ನಿಧಾನವಾಗಿ ಸರಿಸಿ. ಎಲ್ಲಿ ಜೋರಾಗುತ್ತೋ ಅಲ್ಲೇ ಮೂಲ. ಉದ್ದ ಪುಟವೊಂದನ್ನ ಸ್ಕ್ರೋಲ್ ಮಾಡುವಾಗ ಸ್ವರ ಏರಿಳಿದ್ರೆ ಕಾರ್ಡ್ ಮೇಲೆ ಅನುಮಾನ ಪಡಿ. ಹೊಸ ಎಸ್‌ಎಂಪಿಎಸ್‌ದೇ ಆಗಿದ್ರೆ ತಡಮಾಡದೆ ಬದಲಿ ಕೇಳಿ. ಅದಕ್ಕೇ ಜಿಎಸ್‌ಟಿ ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ ಅನ್ನೋದು.

ಒಂದು ಮಾತು ಸೇರಿಸ್ತೀನಿ. ಎಸ್‌ಎಂಪಿಎಸ್ ಸುಮ್ಮನಾದ ಮೇಲೆ ಪ್ರೊಸೆಸರ್ ಜೊತೆ ಬಾಕ್ಸಲ್ಲಿ ಬರೋ ಕೂಲರ್ ಸದ್ದು ಕೇಳಿಸೋಕೆ ಶುರುವಾಗುತ್ತೆ. ಅದಕ್ಕೂ ಸ್ವಲ್ಪ ದುಡ್ಡು ಎತ್ತಿಡಿ, ಅಥವಾ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ) ಪ್ರೊಸೆಸರ್ ಕಡಿಮೆ ಕರೆಂಟ್ ತಿನ್ನೋ 45 ವ್ಯಾಟ್ ಇಕೋ ಮೋಡ್ ಹಾಕಿಸ್ಕೊಳ್ಳಿ. ರೆಕಾರ್ಡಿಂಗ್‌ಗೆ ಏನೂ ಕೊರತೆ ಆಗಲ್ಲ.

ಇನ್ನೊಬ್ಬ ಸದಸ್ಯರು (ರಾಜಾಜಿನಗರ): ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮನೇಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದ ಕೂಡಲೇ ಎಸ್‌ಎಂಪಿಎಸ್ "ಝುಂಯ್" ಅನ್ನುತ್ತೆ. ಕರೆಂಟ್ ಬಂದ್ರೆ ನಿಲ್ಲುತ್ತೆ. ಎಸ್‌ಎಂಪಿಎಸ್ ಕೆಟ್ಟಿದೆಯಾ?

ಉತ್ತರ: ಎಸ್‌ಎಂಪಿಎಸ್ ಮೇಲೆ ಅನುಮಾನ ಬೇಡ ಸರ್, ಇನ್ವರ್ಟರ್ ಬಹುಶಃ ಸ್ಕ್ವೇರ್ ವೇವ್. ಬೆಸ್ಕಾಂ ಕರೆಂಟು ನುಣುಪಾಗಿ ಏರಿಳಿಯುತ್ತೆ, ಇಂಥ ಇನ್ವರ್ಟರ್‌ದು ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತೆ. ಪ್ರತಿ ಹಾರಿಕೆಗೂ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ಗೆ ಒಮ್ಮೆಲೇ ಕರೆಂಟ್ ನುಗ್ಗಿ ಕಾಯಿಲ್ ನಡುಗುತ್ತೆ. ಈಗಿನ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನ ಸಮವಾಗಿ ಎಳೆಯೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್‌ಗಳಿಗೆ ಈ ತರಹದ ಕರೆಂಟು ಒಗ್ಗಲ್ಲ, ಕೆಲವು ಬದಲಾಗೋ ಕ್ಷಣದಲ್ಲಿ ಆಫ್ ಆಗಿಬಿಡ್ತವೆ. ಮನೆಯ ಫ್ಯಾನು, ಟ್ಯೂಬ್‌ಲೈಟ್ ಕೂಡ ಆಗ ಗುಂಯ್ ಅಂತಿದ್ರೆ ಅನುಮಾನವೇ ಬೇಡ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿಸಿ, ಹಿಂದುಗಡೆ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಸದ್ಯಕ್ಕೆ ಕಂಪ್ಯೂಟರನ್ನ ಆ ಲೈನಿಂದ ತೆಗೆದುಬಿಡಿ.

ವಿದ್ಯಾರ್ಥಿ: ಸರ್, ಹೊಸದು ತಗೊಳ್ಳೋಷ್ಟು ದುಡ್ಡಿಲ್ಲ. ಹಳೇ ಎಸ್‌ಎಂಪಿಎಸ್ ಬಿಚ್ಚಿ ಒಳ್ಳೇ ಫ್ಯಾನು ಹಾಕ್ಕೊಂಡ್ರೆ?

ಉತ್ತರ: ಬೇಡಪ್ಪ, ದಯವಿಟ್ಟು ಬಿಚ್ಚಬೇಡ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ತಿರ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಜೀವದ ಮಾತು. ಹೊರಗಿನ ಜಾಲರಿಯ ಧೂಳು ಬ್ರಶ್‌ನಲ್ಲಿ ತೆಗೆ, ಅಕ್ಕಪಕ್ಕ ಮನೆ ಕಟ್ಟುತ್ತಿದ್ರೆ ಇನ್ನೂ ಬೇಗ ಬೇಗ ತೆಗೀಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಕೆಲಸ ಆಗುತ್ತೆ ಅಂದ್ರೆ ಎಸ್‌ಎಂಪಿಎಸ್ಸೇ ಬೇಡ. ಲ್ಯಾಪ್‌ಟಾಪ್ ತರಹದ ಹೊರಗಿನ ಅಡಾಪ್ಟರಲ್ಲಿ ಓಡೋ ಚಿಕ್ಕ ಪೆಟ್ಟಿಗೆಗಳಿವೆ. ಎಎಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್300 ಹಾಗೇ, 19 ವೋಲ್ಟ್ 120 ವ್ಯಾಟ್ ಅಡಾಪ್ಟರ್, ಆ ಅಡಾಪ್ಟರಲ್ಲಿ ಫ್ಯಾನೇ ಇಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ನೋಡು.

ಜಯನಗರದವರು: ಅಳೆದೆ ಸರ್. ಎದುರಿನ ತಡೆ ತನಕ 150 ಮಿಲಿಮೀಟರ್ ಇದೆ. ಜಾಲರಿ ಪಕ್ಕದಲ್ಲೇ ಇದೆ, ಫ್ಯಾನು ಅದರ ಕಡೆ ಬರುತ್ತೆ.

ಉತ್ತರ: ಹಾಗಾದ್ರೆ ಎಸ್‌ಎಫ್‌ಎಕ್ಸೇ ಸರಿ ಮೇಡಂ. ಎಲ್ ಹಾಕಿದ್ರೆ ಉಳಿಯೋದು 20 ಮಿಲಿಮೀಟರ್, ಅಷ್ಟರಲ್ಲಿ ಕೇಬಲ್ ಕತ್ತು ಮುರಿದಂಗೆ ಬಾಗುತ್ತೆ. ಕೋರ್ಸೇರ್ ಎಸ್‌ಎಫ್ ಸಾಲು, ಕೂಲರ್ ಮಾಸ್ಟರ್ ವಿ ಎಸ್‌ಎಫ್‌ಎಕ್ಸ್ ಗೋಲ್ಡ್, ಎರಡರಲ್ಲೂ 92ರ ಫ್ಯಾನು, ಕಡಿಮೆ ಲೋಡಲ್ಲಿ ನಿಲ್ಲೋ ಸೌಲಭ್ಯ, ಬೇಕಾದ ಕೇಬಲ್ ಮಾತ್ರ ಸಿಗಿಸೋ ವ್ಯವಸ್ಥೆ ಇದೆ. ಎಸ್.ಪಿ. ರೋಡಿನಲ್ಲಿ ಯಾವುದು ಸ್ಟಾಕ್ ಇದೆಯೋ, ಯಾವುದಕ್ಕೆ ವಾರಂಟಿ ಹೆಚ್ಚು ವರ್ಷ ಬರೆದುಕೊಡ್ತಾರೋ ಅದನ್ನ ತಗೊಳ್ಳಿ. ಮೊದಲ ಸಲ ಆನ್ ಮಾಡಿದಾಗ ಫ್ಯಾನು ತಿರುಗದಿದ್ರೆ ಗಾಬರಿ ಆಗಬೇಡಿ, ರೆಂಡರ್ ಒಂದನ್ನ ಅರ್ಧ ಗಂಟೆ ಓಡಿಸಿ ಜಾಲರಿ ಹತ್ತಿರ ಕೈ ಇಟ್ಟು ನೋಡಿ. ಆಗಲೂ ಫ್ಯಾನು ನಿಂತೇ ಇದ್ದು, ಎಸ್‌ಎಂಪಿಎಸ್ ಮೈ ಮುಟ್ಟೋಕಾಗದಷ್ಟು ಸುಡ್ತಿದ್ರೆ ಇಲ್ಲಿ ಹೇಳಿ.