ಟಿವಿ ಅಪ್‌ಡೇಟ್ ಆದ ಮೇಲೆ ಎರಡು ಆ್ಯಪ್ ತೆರೆಯುತ್ತಲೇ ಇಲ್ಲ, ಏನು ಮಾಡಲಿ?

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ವರ್ಷ ಹಳೆಯ ಆಂಡ್ರಾಯ್ಡ್ ಟಿವಿ. ಮೊನ್ನೆ ರಾತ್ರಿ ತಾನಾಗಿಯೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಂಡಿತು. ಬೆಳಿಗ್ಗೆ ನೋಡಿದರೆ ಎರಡು ಆ್ಯಪ್ ಕೈಕೊಟ್ಟಿವೆ. ಒಂದರಲ್ಲಿ ಲೋಗೋ ಬರುತ್ತದೆ, ಅದರ ಕೆಳಗೆ ಚಕ್ರ ತಿರುಗುತ್ತಲೇ ಇರುತ್ತದೆ, ಐದು ನಿಮಿಷ ಕಾದರೂ ಮುಂದೆ ಹೋಗುವುದಿಲ್ಲ. ಇನ್ನೊಂದು ತೆರೆದ ಮೂರ್ನಾಲ್ಕು ಸೆಕೆಂಡಿಗೆ ತಾನೇ ಮುಚ್ಚಿಕೊಂಡು ಹೋಮ್ ಸ್ಕ್ರೀನಿಗೆ ವಾಪಸ್ ಬರುತ್ತದೆ. ಯೂಟ್ಯೂಬ್ ಮಾತ್ರ ಚೆನ್ನಾಗಿ ಓಡುತ್ತಿದೆ. ಅದೇ ವೈಫೈನಲ್ಲಿ ನನ್ನ ಫೋನಿನಲ್ಲಿ ಆ ಎರಡೂ ಆ್ಯಪ್ ಸರಿಯಾಗಿವೆ.

ರಿಮೋಟಿನಿಂದ ಆಫ್ ಮಾಡಿ ಆನ್ ಮಾಡಿದ್ದು ಹತ್ತು ಸಲವಾದರೂ ಆಗಿರಬೇಕು. ರೌಟರ್ ಕೂಡ ರೀಸ್ಟಾರ್ಟ್ ಮಾಡಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಫ್ಯಾಕ್ಟರಿ ರೀಸೆಟ್ ಮಾಡಿ" ಅಂದರು. ಅದಕ್ಕೆ ನನಗೆ ಧೈರ್ಯ ಬರುತ್ತಿಲ್ಲ. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ದಿನವೆಲ್ಲ ಅವರಿಗೆ ಟಿವಿಯೇ ಜೊತೆ. ಅವರಿಗೆ ಬೇಕಾದ ಹಾಗೆ ಅಕ್ಷರ ದೊಡ್ಡದು ಮಾಡಿ, ಆ್ಯಪ್‌ಗಳನ್ನು ಸಾಲಾಗಿ ಜೋಡಿಸಿ ಕೊಟ್ಟಿದ್ದೇನೆ. ಅದೆಲ್ಲ ಹೋದರೆ ಮತ್ತೆ ಮೊದಲಿನಿಂದ ಕಲಿಸಬೇಕು. ರೀಸೆಟ್ ಬಿಟ್ಟು ಬೇರೆ ದಾರಿ ಇದ್ದರೆ ದಯವಿಟ್ಟು ಹೇಳಿ.

ಹಳೇರೇಡಿಯೊ:

ರೀಸೆಟ್ ಈಗಲೇ ಬೇಡ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಟಿವಿಯಲ್ಲಿ ಒಂದು ಆ್ಯಪ್ ಓಡುತ್ತಿದೆ ಅಂದರೆ ಟಿವಿಗೆ ನೆಟ್ ಸಿಗುತ್ತಿದೆ. ಫೋನಿನಲ್ಲಿ ಆ ಎರಡೂ ಬರುತ್ತಿವೆ ಅಂದರೆ ಅವರ ಸರ್ವರ್ ಕೂಡ ಸರಿಯಾಗಿದೆ, ನಿಮ್ಮ ಅಕೌಂಟೂ ಸರಿಯಾಗಿದೆ. ಉಳಿದಿದ್ದು ಟಿವಿ ಒಳಗಿನ ಆ ಎರಡು ಆ್ಯಪ್ ಮಾತ್ರ, ಅಲ್ವಾ?

ರಿಮೋಟಿನ ಪವರ್ ಬಟನ್ ಒತ್ತಿದರೆ ಟಿವಿ ನಿಜವಾಗಿ ಆಫ್ ಆಗುವುದಿಲ್ಲ. ಪರದೆ ಆರುತ್ತದೆ, ಒಳಗೆ ಅದು ಸ್ಟ್ಯಾಂಡ್‌ಬೈನಲ್ಲಿ ಎಚ್ಚರವಾಗೇ ಇರುತ್ತದೆ. ಕೆಟ್ಟು ನಿಂತ ಆ್ಯಪ್ ಕೂಡ ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ. ಅದಕ್ಕೇ ಹತ್ತು ಸಲ ಮಾಡಿದರೂ ಫಲ ಸಿಗಲಿಲ್ಲ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟಿವಿ ಮೇಲೇ ಇರುವ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಒಂದು ನಿಮಿಷ ಹಾಗೇ ಬಿಟ್ಟು ಮತ್ತೆ ಹಾಕಿ. ಕಂಪನಿಯ ಲೋಗೋ, ಆಮೇಲೆ ಆಂಡ್ರಾಯ್ಡ್ ಗುರುತು ಬಂದು ನಿಧಾನವಾಗಿ ಶುರುವಾದರೆ ಅದು ನಿಜವಾದ ರೀಸ್ಟಾರ್ಟ್. ಒತ್ತಿದ ಕೂಡಲೇ ಚಿತ್ರ ಬಂದರೆ ಅಲ್ಲ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. ನನಗೆ ಜಾಸ್ತಿ ಅನುಮಾನ ಇರುವುದು ಇಲ್ಲೇ. ಆ ಕಾಲದ ಬಹಳಷ್ಟು ಟಿವಿಗಳಲ್ಲಿ ಇರುವುದೇ 8 ಜಿಬಿ, ಅದರಲ್ಲಿ ದೊಡ್ಡ ಪಾಲು ಸಿಸ್ಟಮ್ಮಿಗೇ ಹೋಗುತ್ತದೆ. ಪ್ರತಿ ಅಪ್‌ಡೇಟ್ ಆದಾಗಲೂ ಜಾಗ ಇನ್ನಷ್ಟು ಕಿರಿದಾಗುತ್ತದೆ. ಆ್ಯಪ್‌ಗಳಿಗೂ ಹೊಸ ಆವೃತ್ತಿ ಬಂದಿರುತ್ತದೆ, ಇಳಿಸಿಕೊಳ್ಳಲು ಜಾಗ ಇಲ್ಲದೆ ಹಳೆಯದೇ ಉಳಿದುಬಿಡುತ್ತದೆ. ಎಷ್ಟು ಖಾಲಿ ಇದೆ ಅಂತ ನೋಡಿ ಇಲ್ಲಿ ಬರೆಯಿರಿ.

ಆಗಲೂ ಸರಿ ಹೋಗದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಅಲ್ಲಿ ಆ ಆ್ಯಪ್ ಆರಿಸಿ ಮೊದಲು "ಫೋರ್ಸ್ ಸ್ಟಾಪ್", ಆಮೇಲೆ "ಕ್ಲಿಯರ್ ಕ್ಯಾಶ್". ಕ್ಯಾಶ್ ಅಂದರೆ ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಫೈಲುಗಳು, ಅದನ್ನು ತೆಗೆದರೆ ಏನೂ ಕಳೆದುಹೋಗುವುದಿಲ್ಲ. ಅದರ ಪಕ್ಕದಲ್ಲೇ "ಕ್ಲಿಯರ್ ಡೇಟಾ" ಇರುತ್ತದೆ, ಅದನ್ನು ಒತ್ತಿದರೆ ಲಾಗಿನ್ ಹೋಗುತ್ತದೆ, ಮತ್ತೆ ಸೈನ್ ಇನ್ ಆಗಬೇಕು. ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಮೂರನೇಮಹಡಿ:

ನಾನು ಹೋದ ವರ್ಷ ಇದೇ ತೊಂದರೆಗೆ ಸೀದಾ ಫ್ಯಾಕ್ಟರಿ ರೀಸೆಟ್ ಮಾಡಿದೆ, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಇಷ್ಟೆಲ್ಲ ಒಂದೊಂದಾಗಿ ನೋಡುತ್ತಾ ಕೂರುವ ಬದಲು ಅದೇ ವಾಸಿ ಅನ್ನಿಸುತ್ತದೆ.

ಹಳೇರೇಡಿಯೊ:

ನಿಮಗೆ ಸರಿಹೋಗಿದ್ದು ಸಂತೋಷ. ಆದರೆ ರೀಸೆಟ್ ಆದ ಮೇಲೂ ಟಿವಿಯಲ್ಲಿ ಹೊಸ ಸಾಫ್ಟ್‌ವೇರೇ ಉಳಿಯುತ್ತದೆ, ಹಳೆಯದಕ್ಕೆ ವಾಪಸ್ ಹೋಗುವುದಿಲ್ಲ. ಅಪ್‌ಡೇಟಿನಲ್ಲೇ ದೋಷ ಇದ್ದರೆ ಎಲ್ಲ ಅಳಿಸಿ ಕೂತ ಮೇಲೂ ತೊಂದರೆ ಹಾಗೇ ಇರುತ್ತದೆ. ಅವರ ಅಪ್ಪನಿಗಾಗಿ ಜೋಡಿಸಿಟ್ಟಿದ್ದನ್ನು ಅಷ್ಟು ಸುಲಭಕ್ಕೆ ಕಳೆಯುವುದು ಬೇಡ ಅಂತ ನನ್ನ ಮಾತು.

ಕೆಂಪುಗುಬ್ಬಿ:

ನಡುವೆ ಬಂದೆ, ಕ್ಷಮಿಸಿ. ನಮ್ಮ ಟಿವಿಯಲ್ಲೂ ಅಪ್‌ಡೇಟ್ ಆದ ಮೇಲೆ ಒಂದು ಆ್ಯಪಿನಲ್ಲಿ ಚಿತ್ರ ಬರುತ್ತದೆ, ಸೌಂಡ್ ಬರುವುದಿಲ್ಲ. ಬೇರೆ ಎಲ್ಲದರಲ್ಲೂ ಬರುತ್ತದೆ. ಎಚ್‌ಡಿಎಂಐನಲ್ಲಿ ಸೌಂಡ್‌ಬಾರ್ ಹಾಕಿದ್ದೇವೆ. ಕ್ಯಾಶ್ ತೆಗೆದೂ ನೋಡಿದೆ.

ಹಳೇರೇಡಿಯೊ:

ಕೆಂಪುಗುಬ್ಬಿ ಅವರೇ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಆಡಿಯೊ ಔಟ್‌ಪುಟ್ ಅಂತ ಇರುತ್ತದೆ. ಅಪ್‌ಡೇಟ್ ಆದಾಗ ಅದು "ಪಾಸ್‌ಥ್ರೂ" ಅಥವಾ "ಆಟೋ"ಗೆ ಹೋಗಿರಬಹುದು. ಆಗ ಆ್ಯಪ್ ಕಳಿಸುವ ಡಾಲ್ಬಿ ಸೌಂಡ್ ಹಾಗೇ ಸೌಂಡ್‌ಬಾರಿಗೆ ಹೋಗುತ್ತದೆ, ಅದಕ್ಕೆ ಬಿಡಿಸಿಕೊಳ್ಳಲು ಬರದಿದ್ದರೆ ಸುಮ್ಮನಾಗುತ್ತದೆ. "ಪಿಸಿಎಂ" ಆರಿಸಿ ನೋಡಿ, ಆಗ ಟಿವಿಯೇ ಸೌಂಡ್ ಬಿಡಿಸಿ ಸಾದಾ ರೂಪದಲ್ಲಿ ಕಳಿಸುತ್ತದೆ.

ಸಂಜೆಗಾಳಿ:

ಹಳೇರೇಡಿಯೊ ಅವರೇ, ಪ್ಲಗ್ ಕಿತ್ತು ಹಾಕಿದೆ. ಲೋಗೋ ಬಂತು, ನಿಧಾನವಾಗಿ ಆನ್ ಆಯಿತು. ಆದರೆ ಈಗ ಯಾವ ಆ್ಯಪೂ ತೆರೆಯುತ್ತಿಲ್ಲ! ಮೊದಲು ಓಡುತ್ತಿದ್ದದ್ದೂ ನಿಂತಿದೆ. ವೈಫೈ ಗುರುತು ಪೂರ್ತಿ ಇದೆ, ಆದರೂ "ಸಂಪರ್ಕ ಸುರಕ್ಷಿತವಾಗಿಲ್ಲ" ಅನ್ನುವ ಥರದ ಸಂದೇಶ ಬರುತ್ತಿದೆ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ, ನನಗೆ ಕೈಕಾಲೇ ಆಡುತ್ತಿಲ್ಲ.

ಹಳೇರೇಡಿಯೊ:

ಗಾಬರಿ ಆಗಬೇಡಿ, ಏನೂ ಕೆಟ್ಟಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ನೋಡಿ. ಬರೀ ಗಂಟೆ ನೋಡಿದರೆ ಸಾಲದು, ತಿಂಗಳು ಮತ್ತು ವರ್ಷ ನೋಡಿ.

ಎಷ್ಟೋ ಟಿವಿಗಳು ಕರೆಂಟ್ ಪೂರ್ತಿ ಹೋದರೆ ದಿನಾಂಕ ಮರೆಯುತ್ತವೆ. ಆಮೇಲೆ ನೆಟ್‌ನಿಂದ ಕೇಳಿ ಸರಿ ಮಾಡಿಕೊಳ್ಳಬೇಕು. "ಆಟೋಮ್ಯಾಟಿಕ್ ಸಮಯ" ಆಫ್ ಆಗಿದ್ದರೆ ಕೇಳುವುದೇ ಇಲ್ಲ. ಆ್ಯಪ್ ತನ್ನ ಸರ್ವರ್ ಜೊತೆ ಮಾತಾಡುವ ಮೊದಲು ಅದರ ಸರ್ಟಿಫಿಕೇಟ್, ಅಂದರೆ ಗುರುತಿನ ಚೀಟಿ ನೋಡುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದಕ್ಕೊಂದು ಅವಧಿ ಇರುತ್ತದೆ. ಟಿವಿಯ ಲೆಕ್ಕದಲ್ಲಿ ಇವತ್ತು ಆ ಅವಧಿಯ ಹೊರಗೆ ಬಿದ್ದರೆ, ಸರ್ವರ್ ಎಷ್ಟೇ ಸರಿಯಿದ್ದರೂ ನಂಬುವುದಿಲ್ಲ.

ಸಂಜೆಗಾಳಿ:

ನೀವು ಹೇಳಿದ್ದೇ ಸರಿ. ಜನವರಿ 1, ಅದೂ ಎಷ್ಟೋ ವರ್ಷ ಹಿಂದಿನದು! ಆಟೋಮ್ಯಾಟಿಕ್ ಆಫ್ ಇತ್ತು. ಆನ್ ಮಾಡಿದ ತಕ್ಷಣ ದಿನಾಂಕ ಸರಿಹೋಯಿತು, ಯೂಟ್ಯೂಬ್ ಬಂತು, ಚಕ್ರ ತಿರುಗುತ್ತಿದ್ದ ಆ್ಯಪ್ ಕೂಡ ತೆರೆಯಿತು. ಲಾಗಿನ್ ಹಾಗೇ ಇದೆ.

ತಾನೇ ಮುಚ್ಚಿಕೊಳ್ಳುತ್ತಿದ್ದದ್ದು ಮಾತ್ರ ಇನ್ನೂ ಹಾಗೇ. ಸ್ಟೋರೇಜ್ ನೋಡಿದೆ, 140 ಎಂಬಿ ಖಾಲಿ ಅಂತ ತೋರಿಸುತ್ತಿದೆ.

ಹಳೇರೇಡಿಯೊ:

140 ಎಂಬಿಯಲ್ಲಿ ಅದು ಉಸಿರಾಡಲೂ ಆಗುವುದಿಲ್ಲ. ಯಾರೂ ಬಳಸದ ಆಟಗಳು, ಹಳೆಯ ಆ್ಯಪ್‌ಗಳು ಇದ್ದರೆ ತೆಗೆದುಹಾಕಿ. ತೆಗೆಯಲು ಬರದವನ್ನು "ಡಿಸೇಬಲ್" ಮಾಡಿ, ಅವುಗಳ ಅಪ್‌ಡೇಟ್ ಕೂಡ ಅಳಿಸಿದರೆ ಸ್ವಲ್ಪ ಜಾಗ ಸಿಗುತ್ತದೆ. ಒಂದು ಜಿಬಿ ಹತ್ತಿರ ಖಾಲಿ ಆದ ಮೇಲೆ ಆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಟಿವಿ ರೀಸ್ಟಾರ್ಟ್ ಮಾಡಿ, ಪ್ಲೇ ಸ್ಟೋರ್‌ನಿಂದ ಹೊಸದಾಗಿ ಹಾಕಿ. ಇದಕ್ಕೆ ಲಾಗಿನ್ ಮತ್ತೆ ಬೇಕಾಗುತ್ತದೆ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂರಬೇಡಿ, ಪರದೆ ಮೇಲೆ ಕೋಡ್ ಬಂದರೆ ಅದನ್ನು ಫೋನಿನಲ್ಲಿ ಹಾಕಿದರೆ ಸಾಕು.

ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್ ನಿಮ್ಮ ಟಿವಿಗೆ ಸಿಗುವುದೇ ಇಲ್ಲವಾದರೆ ಅದು ಬೇರೆ ವಿಷಯ, ಹಳೆಯ ಮಾಡೆಲ್‌ಗಳನ್ನು ಕೈಬಿಡುವುದು ಉಂಟು. ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್ 1ರಿಂದ ಸ್ಯಾಮ್‌ಸಂಗ್‌ನ 2010, 2011ರ ಕೆಲವು ಟಿವಿಗಳಲ್ಲಿ ನಿಂತುಹೋಯಿತು. ಆಗ ಎಚ್‌ಡಿಎಂಐಗೆ ಹಾಕುವ ಸ್ಟ್ರೀಮಿಂಗ್ ಸ್ಟಿಕ್ ಒಂದು ದಾರಿ. ಹಾಗಾಗಿ ಅನ್‌ಇನ್‌ಸ್ಟಾಲ್ ಮಾಡುವ ಮೊದಲೇ ಸ್ಟೋರ್‌ನಲ್ಲಿ ಹುಡುಕಿ ಖಚಿತ ಮಾಡಿಕೊಳ್ಳಿ.

ಕೆಂಪುಗುಬ್ಬಿ:

ಪಿಸಿಎಂ ಮಾಡಿದೆ, ಸೌಂಡ್ ಬಂತು. ಎರಡು ವಾರದಿಂದ ಒದ್ದಾಡುತ್ತಿದ್ದೆ, ತುಂಬಾ ಥ್ಯಾಂಕ್ಸ್.

ಸಂಜೆಗಾಳಿ:

ಸ್ಟೋರ್‌ನಲ್ಲಿ ಇತ್ತು. ನಾಲ್ಕು ಆಟ ತೆಗೆದೆ, ಬಳಸದ ಮೂರು ಆ್ಯಪ್ ತೆಗೆದೆ, 900 ಎಂಬಿ ಆಯಿತು. ಹೊಸದಾಗಿ ಹಾಕಿದ ಮೇಲೆ ಈಗ ಮುಚ್ಚಿಕೊಳ್ಳುತ್ತಿಲ್ಲ. ಅಪ್ಪ ಅರ್ಧಕ್ಕೆ ನಿಲ್ಲಿಸಿದ್ದ ಸರಣಿ ಅಲ್ಲಿಂದಲೇ ಮುಂದುವರಿಯಿತು. ಅಕ್ಷರ, ಆ್ಯಪ್ ಸಾಲು ಎಲ್ಲ ಇದ್ದ ಹಾಗೇ ಇವೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೊನೆಯದಾಗಿ ಒಂದು ಪ್ರಶ್ನೆ: ಇನ್ನು ಮುಂದೆ ಆಟೋ ಅಪ್‌ಡೇಟ್ ಆಫ್ ಮಾಡಿಡಲೇ?

ಹಳೇರೇಡಿಯೊ:

ಪೂರ್ತಿ ನಿಲ್ಲಿಸಬೇಡಿ. ವೆಬ್‌ಸೈಟ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಇದೆ. 2021ರ ಸೆಪ್ಟೆಂಬರ್ 30ರಂದು ಅದರ ಸರ್ಟಿಫಿಕೇಟ್‌ಗಳು ನೆಚ್ಚಿಕೊಂಡಿದ್ದ ಹಳೆಯ ರೂಟ್ (ಬುಡದ) ಸರ್ಟಿಫಿಕೇಟ್ ಒಂದರ ಅವಧಿ ಮುಗಿಯಿತು. ಅವತ್ತು ಪೇಚಿಗೆ ಸಿಕ್ಕಿದ್ದು ಬಹಳ ಕಾಲದಿಂದ ಅಪ್‌ಡೇಟ್ ಆಗದೆ ಹೊಸ ರೂಟ್ ಸಿಗದಿದ್ದ ಹಳೆಯ ಸಾಧನಗಳೇ, ದಿನಾಂಕ ಸರಿಯಿದ್ದರೂ ಕೆಲವು ಸೈಟ್‌ಗಳು ಅವುಗಳಲ್ಲಿ ತೆರೆಯಲಿಲ್ಲ. ನಿಮ್ಮ ಟಿವಿಯಲ್ಲಿ "ಕೇಳಿ ಅಪ್‌ಡೇಟ್ ಮಾಡು" ಅನ್ನುವ ಆಯ್ಕೆ ಇದ್ದರೆ ಅದನ್ನು ಇಡಿ. ಅದು ಕೇಳಿದಾಗ ಒಂದು ವಾರ ತಡೆದು, ಬೇರೆಯವರಿಗೆ ಏನಾದರೂ ತೊಂದರೆ ಆಯಿತಾ ಅಂತ ನೋಡಿಕೊಂಡು, ಜಾಗ ಸ್ವಲ್ಪ ಖಾಲಿ ಮಾಡಿ ಆಮೇಲೆ ಒಪ್ಪಿಗೆ ಕೊಡಿ. ಅಪ್ಪ ಬೇಗ ಓಡಾಡುವ ಹಾಗಾಗಲಿ.